ಸಹಸಂಬಂಧ ಗುಣಾಂಕ: ಅದು ಹೇಳುವುದೇನು, ಹೇಳದಿರುವುದೇನು?

‘ಸಾಕ್ಷರತೆ ಹೆಚ್ಚಿದಂತೆ ಶಿಶುಮರಣ ಇಳಿಯುತ್ತದೆ’, ‘ರಸ್ತೆ ಇದ್ದ ಕಡೆ ಆದಾಯವೂ ಹೆಚ್ಚು’, ‘ನೀರಾವರಿಗೂ ಶಾಲಾ ಹಾಜರಿಗೂ ಸಂಬಂಧವಿದೆ’. ಇಂಥ ವಾಕ್ಯಗಳನ್ನು ನಾವು ಪತ್ರಿಕೆಗಳಲ್ಲಿ, ಯೋಜನಾ ವರದಿಗಳಲ್ಲಿ, ಭಾಷಣಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಇವುಗಳ ಹಿಂದೆ ಸಾಮಾನ್ಯವಾಗಿ ಒಂದು ಪುಟ್ಟ ಸಂಖ್ಯೆ ಅಡಗಿರುತ್ತದೆ. ಅದು −1ಕ್ಕಿಂತ ಕಡಿಮೆಯಾಗದು, +1ಕ್ಕಿಂತ ಹೆಚ್ಚಾಗದು. ಅದರ ಹೆಸರು ಸಹಸಂಬಂಧ ಗುಣಾಂಕ. ಲೆಕ್ಕ ಹಾಕಲು ಬಹಳ ಸುಲಭ. ಈಗಂತೂ ಗಣಕಯಂತ್ರದಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ಆದರೆ ಅದನ್ನು ಅರ್ಥೈಸುವುದು ಅಷ್ಟು ಸುಲಭವಲ್ಲ.

ಅರ್ಥೈಸುವಿಕೆ ತಪ್ಪಿದರೆ ನಷ್ಟ ಯಾರಿಗೆ? ನಮ್ಮ ರಾಜ್ಯದ ಉದಾಹರಣೆಯನ್ನೇ ನೋಡಿ. ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ಡಾ. ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಅದು ಗುರುತಿಸಿತು. ಕೊಪ್ಪಳ ಜಿಲ್ಲೆಯ ಯಲಬುರ್ಗಾ ಮತ್ತು ಕುಷ್ಟಗಿ ಈ 39ರಲ್ಲಿ ಸೇರಿವೆ. ಚಾಲುಕ್ಯ ಶಿಲ್ಪಕಲೆಯ ಶಿಖರವೆನಿಸಿದ, 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯವಿರುವ ಇಟಗಿ ಆಗ ಯಲಬುರ್ಗಾ ತಾಲ್ಲೂಕಿನ ಊರು. ಈಗ ಅದು ಕುಕನೂರು ತಾಲ್ಲೂಕಿಗೆ ಸೇರಿದೆ. ಇಂಥ ಊರಿಗೆ ಮೊದಲು ಬೇಕಾದದ್ದು ಶಾಲೆಯೋ, ನೀರೋ, ಆಸ್ಪತ್ರೆಯೋ ಎಂದು ತೀರ್ಮಾನಿಸುವಾಗ ಯಾವ ಅಂಶದೊಡನೆ ಯಾವುದು ಕೂಡಿಬರುತ್ತದೆ ಎಂಬ ಲೆಕ್ಕ ಮುಂದೆ ಬಂದೇ ಬರುತ್ತದೆ. ಸಂಖ್ಯೆಯನ್ನು ತಪ್ಪಾಗಿ ಓದಿದರೆ ಹಣ ತಪ್ಪು ಕಡೆಗೆ ಹೋಗುತ್ತದೆ.

ಗುಣಾಂಕದ ಹುಟ್ಟು

ಫ್ರಾನ್ಸಿಸ್ ಗಾಲ್ಟನ್ 1888ರಲ್ಲಿ ಮನುಷ್ಯನ ದೇಹದ ಅಳತೆಗಳನ್ನು ಹೋಲಿಸುತ್ತ ‘ಸಹಸಂಬಂಧ’ದ ಕಲ್ಪನೆಯನ್ನು ಮುಂದಿಟ್ಟ. ಇಂದು ನಾವು ಬಳಸುವ ಸೂತ್ರಕ್ಕೆ ಗಣಿತದ ಗಟ್ಟಿ ರೂಪ ಕೊಟ್ಟವನು ಕಾರ್ಲ್ ಪಿಯರ್ಸನ್, 1896ರಲ್ಲಿ. ಭಾರತದಲ್ಲಿ ಈ ಶಾಸ್ತ್ರವನ್ನು ಬೆಳೆಸಿ, 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪಿ. ಸಿ. ಮಹಲನೋಬಿಸ್ ಮೂಲತಃ ಭೌತವಿಜ್ಞಾನದ ಅಧ್ಯಾಪಕರು.

ಲೆಕ್ಕದ ಹಿಂದಿನ ವಿಚಾರ ಸರಳ. ಎರಡು ರಾಶಿಗಳಿವೆ ಎಂದುಕೊಳ್ಳಿ. ಪ್ರತಿ ಜಿಲ್ಲೆಯಲ್ಲೂ ಮೊದಲ ರಾಶಿ ತನ್ನ ಸರಾಸರಿಯಿಂದ ಎಷ್ಟು ಮೇಲೆ ಅಥವಾ ಕೆಳಗಿದೆ, ಎರಡನೆಯದು ತನ್ನ ಸರಾಸರಿಯಿಂದ ಎಷ್ಟು ಮೇಲೆ ಅಥವಾ ಕೆಳಗಿದೆ ಎಂದು ನೋಡಿ. ಇವೇ ವಿಚಲನೆಗಳು. ಜಿಲ್ಲೆವಾರು ಎರಡೂ ವಿಚಲನೆಗಳನ್ನು ಗುಣಿಸಿ ಕೂಡಿಸಿ. ಎರಡೂ ಒಟ್ಟಿಗೆ ಏರಿಳಿದರೆ ಮೊತ್ತ ಧನ. ಒಂದು ಏರಿದಾಗ ಇನ್ನೊಂದು ಇಳಿದರೆ ಋಣ. ಆಮೇಲೆ ಮೊದಲ ರಾಶಿಯ ವಿಚಲನೆಗಳ ವರ್ಗಗಳ ಮೊತ್ತ, ಎರಡನೆಯದರ ವರ್ಗಗಳ ಮೊತ್ತ, ಇವೆರಡರ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿ. ಸಿಗುವುದೇ ಸಹಸಂಬಂಧ ಗುಣಾಂಕ. ಹೀಗೆ ಭಾಗಿಸುವುದರಿಂದ ಏಕಮಾನಗಳು ಬಿದ್ದುಹೋಗುತ್ತವೆ. ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ, ಅಡಿಯಲ್ಲಿ ಅಳೆಯಿರಿ, ಗುಣಾಂಕ ಒಂದೇ.

ಒಂಬತ್ತು ಜಿಲ್ಲೆಗಳ ಲೆಕ್ಕ

ಮಾತಿಗಿಂತ ಲೆಕ್ಕ ಮೇಲು. 2011ರ ಜನಗಣತಿಯ ಎರಡು ಅಂಕಿಗಳನ್ನು ತೆಗೆದುಕೊಳ್ಳೋಣ: ಸಾಕ್ಷರತಾ ಪ್ರಮಾಣ (ಶೇಕಡಾ) ಮತ್ತು ಲಿಂಗಾನುಪಾತ (1000 ಪುರುಷರಿಗೆ ಇರುವ ಸ್ತ್ರೀಯರ ಸಂಖ್ಯೆ). ಬಳ್ಳಾರಿಯ ಅಂಕಿಯಲ್ಲಿ, 2021ರಲ್ಲಿ ಪ್ರತ್ಯೇಕವಾದ ವಿಜಯನಗರ ಜಿಲ್ಲೆಯ ಬಹುಭಾಗವೂ ಸೇರಿದೆ.

ಬೀದರ್: 70.5, 956
ಕಲಬುರಗಿ: 64.9, 971
ಯಾದಗಿರಿ: 51.8, 989
ರಾಯಚೂರು: 59.6; 1000
ಕೊಪ್ಪಳ: 68.1, 986
ಬಳ್ಳಾರಿ: 67.4, 983
ಉಡುಪಿ: 86.2, 1094
ದಕ್ಷಿಣ ಕನ್ನಡ: 88.6, 1020
ಬೆಂಗಳೂರು ನಗರ: 87.7, 916

ಮೊದಲು, ಈಗ ಕಲ್ಯಾಣ ಕರ್ನಾಟಕವೆಂದು ಕರೆಯುವ ಪ್ರದೇಶದ ಮೊದಲ ಆರು ಜಿಲ್ಲೆಗಳನ್ನಷ್ಟೇ ನೋಡಿ. ಸಾಕ್ಷರತೆಯ ಸರಾಸರಿ 63.7, ಲಿಂಗಾನುಪಾತದ ಸರಾಸರಿ 980.8. ವಿಚಲನೆಗಳ ಗುಣಲಬ್ಧಗಳ ಮೊತ್ತ ಸುಮಾರು −326. ವರ್ಗಗಳ ಮೊತ್ತಗಳು 239 ಮತ್ತು 1179. ಇವುಗಳ ಗುಣಲಬ್ಧದ ವರ್ಗಮೂಲ 531. ಆದ್ದರಿಂದ ಗುಣಾಂಕ −326/531, ಅಂದರೆ −0.61.

ಈ ಸಂಖ್ಯೆಯನ್ನಷ್ಟೇ ಕಂಡವರು ಏನೆನ್ನಬಹುದು? ‘ಸಾಕ್ಷರತೆ ಹೆಚ್ಚಿದಂತೆ ಹೆಣ್ಣುಮಕ್ಕಳ ಸಂಖ್ಯೆ ಕುಸಿಯುತ್ತಿದೆ!’ ಕೊಪ್ಪಳ ಜಿಲ್ಲೆಯಲ್ಲಿ 2011ರಲ್ಲಿ ಪುರುಷರ ಸಾಕ್ಷರತೆ ಶೇಕಡಾ 78.5 ಇದ್ದರೆ ಸ್ತ್ರೀಯರದು 57.6 ಮಾತ್ರ. ಹೆಣ್ಣುಮಕ್ಕಳನ್ನು ಶಾಲೆಗೆ ಕರೆತರಲು ಶಿಕ್ಷಕರು ಮನೆ ಮನೆ ಅಲೆಯುವ ಇಂಥ ಕಡೆ ಈ ತೀರ್ಮಾನ ಎಷ್ಟು ಅಪಾಯಕಾರಿ ಎಂದು ಬೇರೆ ಹೇಳಬೇಕಿಲ್ಲ.

ಈಗ ಕರಾವಳಿಯ ಎರಡು ಜಿಲ್ಲೆಗಳನ್ನು ಸೇರಿಸಿ. ಎಂಟು ಜಿಲ್ಲೆಗಳ ಗುಣಾಂಕ +0.62. ಋಣವಿದ್ದದ್ದು ಧನವಾಯಿತು, ಅದೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ! ಬೆಂಗಳೂರು ನಗರವನ್ನೂ ಸೇರಿಸಿದರೆ +0.19. ಆಗಿದ್ದ 30 ಜಿಲ್ಲೆಗಳನ್ನೂ ತೆಗೆದುಕೊಂಡರೆ 0.15ರ ಆಸುಪಾಸು, ಅಂದರೆ ಬಹುತೇಕ ಏನೂ ಇಲ್ಲ. ಬೇಡವೆನಿಸಿದರೆ ಆರು ಜಿಲ್ಲೆಗಳಲ್ಲಿ ಬೀದರ್ ಒಂದನ್ನು ಬಿಟ್ಟು ನೋಡಿ: −0.61 ಇದ್ದದ್ದು −0.43 ಆಗುತ್ತದೆ.

ಅಂಕಿಗಳೆಲ್ಲ ನಿಜ. ಲೆಕ್ಕವೂ ಸರಿ. ಆದರೂ ಉತ್ತರ ನಾಲ್ಕು ಬಗೆ. ಹಾಗಾದರೆ ತೊಡಕು ಎಲ್ಲಿದೆ?

ಚಿಹ್ನೆ ಬದಲಾದದ್ದೇಕೆ?

ಮೊದಲನೆಯ ಕಾರಣ, ಬಿಂದುಗಳು ತೀರ ಕಡಿಮೆ. ಆರು ಬಿಂದುಗಳಿರುವಾಗ, ಯಾವ ಸಂಬಂಧವೂ ಇಲ್ಲದ ರಾಶಿಗಳಲ್ಲಿ ಕೂಡ ಗುಣಾಂಕ ಬರೀ ಆಕಸ್ಮಿಕವಾಗಿ 0.6ನ್ನು ಮುಟ್ಟುವುದು ಅಪರೂಪವಲ್ಲ. ಸಂಖ್ಯಾಶಾಸ್ತ್ರದಲ್ಲಿ ಬಳಕೆಯಲ್ಲಿರುವ ಶೇಕಡಾ 5ರ ಮಟ್ಟವನ್ನು ದಾಟಬೇಕಾದರೆ ಆರು ಬಿಂದುಗಳಿಗೆ ಗುಣಾಂಕ (ಚಿಹ್ನೆ ಬಿಟ್ಟು) 0.81ಕ್ಕಿಂತ, ಎಂಟಕ್ಕೆ 0.71ಕ್ಕಿಂತ, ಒಂಬತ್ತಕ್ಕೆ 0.67ಕ್ಕಿಂತ ಹೆಚ್ಚಿರಬೇಕು. ನಮ್ಮ ಮೂರು ಉತ್ತರಗಳಲ್ಲಿ ಒಂದೂ ಈ ಗೆರೆಯನ್ನು ದಾಟುವುದಿಲ್ಲ. ಈ ಗೆರೆಯನ್ನೂ ಎಚ್ಚರದಿಂದಲೇ ಬಳಸಬೇಕು. ನಮ್ಮ ಆರು ಜಿಲ್ಲೆಗಳು ಚೀಟಿ ಎತ್ತಿ ಆರಿಸಿದ ಮಾದರಿಯಲ್ಲ. ಒಂದಕ್ಕೊಂದು ಅಂಟಿಕೊಂಡ ನೆರೆಹೊರೆಗಳು.

ಎರಡನೆಯ ಕಾರಣ, ದೂರದ ಬಿಂದುವಿನ ಸೆಳೆತ. ವಿಚಲನೆಗಳನ್ನು ಗುಣಿಸುವುದರಿಂದ ಸರಾಸರಿಯಿಂದ ಬಹಳ ದೂರವಿರುವ ಜಿಲ್ಲೆಗೆ ಲೆಕ್ಕದಲ್ಲಿ ಅತಿಯಾದ ತೂಕ ಬರುತ್ತದೆ. ಎಂಟು ಜಿಲ್ಲೆಗಳ ಲೆಕ್ಕದಲ್ಲಿ ಗುಣಲಬ್ಧಗಳ ಒಟ್ಟು ಮೊತ್ತ 2291. ಅದರಲ್ಲಿ 1559 ಉಡುಪಿಯೊಂದರದೇ ಕೊಡುಗೆ. ಸನ್ನೆಕೋಲಿನ ಉದ್ದ ತೋಳಿನ ತುದಿಯಲ್ಲಿ ಕುಳಿತ ಮಗು ದೊಡ್ಡವರನ್ನೂ ಎತ್ತಿಬಿಡುತ್ತದಲ್ಲ, ಇದೂ ಹಾಗೆಯೇ.

ಮೂರನೆಯ ಕಾರಣವೇ ಮುಖ್ಯವಾದದ್ದು. ಲಿಂಗಾನುಪಾತ ಎಂಬ ಅಂಕಿಯನ್ನು ನಿರ್ಧರಿಸುವ ಶಕ್ತಿ ಎಲ್ಲೆಡೆ ಒಂದೇ ಅಲ್ಲ. ಉಡುಪಿ, ದಕ್ಷಿಣ ಕನ್ನಡಗಳಿಂದ ಗಂಡಸರು ಮುಂಬಯಿಗೂ ಕೊಲ್ಲಿ ದೇಶಗಳಿಗೂ ದುಡಿಮೆಗೆ ಹೋಗುವುದು ದಶಕಗಳ ಪದ್ಧತಿ. ಅಲ್ಲಿ ಸ್ತ್ರೀಯರ ಅನುಪಾತ ಹೆಚ್ಚಿರುವುದರಲ್ಲಿ ಇದರ ಪಾಲು ದೊಡ್ಡದು. ಬೆಂಗಳೂರಿಗೆ ಕೆಲಸ ಹುಡುಕಿ ಬರುವವರಲ್ಲಿ ಗಂಡಸರು ಹೆಚ್ಚು. ಅಲ್ಲಿ ಅನುಪಾತ ಇಳಿಯುತ್ತದೆ. ರಾಯಚೂರು, ಯಾದಗಿರಿ, ಕೊಪ್ಪಳಗಳ ಒಣಭೂಮಿಯಿಂದ ಸುಗ್ಗಿ ಮುಗಿದ ಮೇಲೆ ಜನ ಗುಳೆ ಹೋಗುತ್ತಾರೆ. 2011ರ ಎಣಿಕೆ ನಡೆದದ್ದು ಫೆಬ್ರವರಿಯಲ್ಲಿ, ಗುಳೆಯ ಕಾಲದಲ್ಲೇ. ಹೀಗೆ ನಾವು ‘ಸಮಾಜದಲ್ಲಿ ಹೆಣ್ಣಿನ ಸ್ಥಾನ’ವನ್ನು ಅಳೆಯುತ್ತಿದ್ದೇವೆ ಎಂದುಕೊಂಡರೂ ಅಂಕಿಯಲ್ಲಿ ‘ದುಡಿಮೆಗಾಗಿ ವಲಸೆ’ ಬೆರೆತಿದೆ. ಹೆಣ್ಣುಮಗುವಿನ ಕುರಿತ ಧೋರಣೆಯನ್ನು ತಿಳಿಯಬೇಕಾದರೆ 0–6 ವಯಸ್ಸಿನ ಮಕ್ಕಳ ಲಿಂಗಾನುಪಾತವನ್ನು ನೋಡುವುದು ಮೇಲು (2011ರಲ್ಲಿ ರಾಜ್ಯಕ್ಕೆ ಅದು 948, ಎಲ್ಲ ವಯಸ್ಸಿನವರದು 973). ಸಾಕ್ಷರತೆಯನ್ನು 7 ವರ್ಷ ಮೇಲ್ಪಟ್ಟವರಲ್ಲಿ ಮಾತ್ರ ಎಣಿಸುತ್ತಾರೆ ಎಂಬುದನ್ನೂ ನೆನಪಿಡಿ. ಅಳತೆಯ ಸಾಧನ ಏನನ್ನು ಅಳೆಯುತ್ತಿದೆ ಎಂದು ತಿಳಿಯದೆ ಪ್ರಯೋಗಾಲಯದಲ್ಲಿ ನಾವು ಓದುವಿಕೆ ಬರೆದುಕೊಳ್ಳುವುದಿಲ್ಲ. ಸಮಾಜದ ಅಂಕಿಗಳಿಗೂ ಅದೇ ನಿಯಮ.

ಸೊನ್ನೆ ಎಂದರೆ ಸಂಬಂಧವಿಲ್ಲವೇ?

ಹಾಗೇನಿಲ್ಲ. ಲೋಲಕದ ಉದಾಹರಣೆ ತೆಗೆದುಕೊಳ್ಳಿ. ಸಣ್ಣ ಆಂದೋಲನಗಳಲ್ಲಿ ಅದರ ಪ್ರಚ್ಛನ್ನ ಶಕ್ತಿ ಸ್ಥಾನಾಂತರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸ್ಥಾನಾಂತರಗಳು −2, −1, 0, 1, 2 ಆದರೆ ಶಕ್ತಿ (ತಕ್ಕ ಏಕಮಾನದಲ್ಲಿ) 4, 1, 0, 1, 4. ಗುಣಾಂಕ ಲೆಕ್ಕ ಹಾಕಿ: ಸರಿಯಾಗಿ ಸೊನ್ನೆ! ಸಂಬಂಧವೋ ಚೂರೂ ತಪ್ಪದ ನಿಯಮ. ಸಹಸಂಬಂಧ ಗುಣಾಂಕ ಅಳೆಯುವುದು ಸರಳರೇಖೆಯ ಸಂಬಂಧವನ್ನು ಮಾತ್ರ. ವಕ್ರರೇಖೆಯ ಮುಂದೆ ಅದು ಕುರುಡು.

ಆದ್ದರಿಂದ ಗುಣಾಂಕಕ್ಕೆ ಮೊದಲು ಗ್ರಾಫ್ ಹಾಳೆ. ಎಫ್. ಜೆ. ಆನ್ಸ್‌ಕೂಂಬ್ 1973ರಲ್ಲಿ ನಾಲ್ಕು ಪುಟ್ಟ ದತ್ತಾಂಶ ಗುಂಪುಗಳನ್ನು ಪ್ರಕಟಿಸಿದ. ನಾಲ್ಕರಲ್ಲೂ ಗುಣಾಂಕ 0.816. ಗ್ರಾಫ್ ಎಳೆದರೆ ಒಂದು ನೇರ ರೇಖೆಯ ಸುತ್ತ ಚದುರಿದೆ, ಇನ್ನೊಂದು ಬಾಗಿದ ರೇಖೆ, ಮೂರನೆಯದರಲ್ಲಿ ಒಂದೇ ಬಿಂದು ರೇಖೆಯಿಂದ ಸಿಡಿದಿದೆ, ನಾಲ್ಕನೆಯದರಲ್ಲಿ ಒಂದೇ ಒಂದು ದೂರದ ಬಿಂದುವಿನಿಂದಾಗಿ ರೇಖೆ ಹುಟ್ಟಿದೆ.

ಗುಣಾಂಕದ ಗಾತ್ರದ ಬಗೆಗೂ ಒಂದು ಮಾತು. 0.6 ಎಂಬುದು 0.3ರ ಇಮ್ಮಡಿ ‘ಬಲ’ ಎಂದು ತಿಳಿಯಬಾರದು. ಒಂದು ರಾಶಿಯ ಏರಿಳಿತದಲ್ಲಿ ಎಷ್ಟು ಪಾಲು ಇನ್ನೊಂದರ ಜೊತೆ ಸರಳರೇಖೆಯಲ್ಲಿ ಹೊಂದುತ್ತದೆ ಎಂಬುದನ್ನು ಗುಣಾಂಕದ ವರ್ಗ ತಿಳಿಸುತ್ತದೆ. 0.6ರ ವರ್ಗ 0.36, 0.3ರ ವರ್ಗ 0.09. ಅಂದರೆ 0.6 ಬಂದಾಗಲೂ ಏರಿಳಿತದ ಶೇಕಡಾ 64ರಷ್ಟು ಭಾಗ ಬೇರೆ ಕಾರಣಗಳ ಪಾಲು.

ಮರೆಯಲ್ಲಿರುವ ಮೂರನೆಯ ಅಂಶ

ಒಂದರಿಂದ ಏಳನೇ ತರಗತಿಯವರೆಗಿನ ಶಾಲೆಯಲ್ಲಿ ಮಕ್ಕಳ ಎತ್ತರವನ್ನೂ ಅವರಿಗೆ ಗೊತ್ತಿರುವ ಪದಗಳ ಸಂಖ್ಯೆಯನ್ನೂ ಹೋಲಿಸಿದರೆ ಗುಣಾಂಕ ದೊಡ್ಡದೇ ಬರುತ್ತದೆ. ಎತ್ತರವಾದರೆ ಭಾಷೆ ಬರುತ್ತದೆಯೇ? ಇಲ್ಲ; ವಯಸ್ಸು ಎರಡನ್ನೂ ಬೆಳೆಸುತ್ತದೆ. ಎತ್ತರ–ಪದಸಂಪತ್ತಿಗೆ 0.72, ವಯಸ್ಸು–ಎತ್ತರಕ್ಕೆ 0.9, ವಯಸ್ಸು–ಪದಸಂಪತ್ತಿಗೆ 0.8 ಎಂದಿಟ್ಟುಕೊಳ್ಳೋಣ. 0.9 × 0.8 = 0.72. ಮೊದಲ ಗುಣಾಂಕದಿಂದ ಇದನ್ನು ಕಳೆದರೆ ಉಳಿಯುವುದು ಸೊನ್ನೆ. ವಯಸ್ಸಿನ ಪ್ರಭಾವವನ್ನು ತೆಗೆದಮೇಲೆ ಎತ್ತರಕ್ಕೂ ಪದಸಂಪತ್ತಿಗೂ ಸಂಬಂಧವೇ ಇಲ್ಲ! ಇದು ‘ಆಂಶಿಕ ಸಹಸಂಬಂಧ’ದ ತಿರುಳು. ಒಂದೇ ತರಗತಿಯ ಮಕ್ಕಳನ್ನಷ್ಟೇ ಹೋಲಿಸುವುದೂ ಇದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತದೆ.

ಕಾಲವೂ ಇಂಥ ಮೂರನೆಯ ಅಂಶವೇ. ಕೊಪ್ಪಳದ ಸಾಕ್ಷರತೆ 2001ರಲ್ಲಿ ಶೇಕಡಾ 54.1 ಇದ್ದದ್ದು 2011ರಲ್ಲಿ 68.1 ಆಯಿತು. ಅದೇ ಅವಧಿಯಲ್ಲಿ ಮೊಬೈಲ್ ಫೋನುಗಳೂ ಮೋಟಾರು ಸೈಕಲ್ಲುಗಳೂ ಏರಿದವು. ಏರುತ್ತಲೇ ಇರುವ ಯಾವ ಎರಡು ರಾಶಿಗಳನ್ನು ತೆಗೆದುಕೊಂಡರೂ ಗುಣಾಂಕ 1ರ ಹತ್ತಿರ ಬರುತ್ತದೆ. ಜಿ. ಯು. ಯೂಲ್ 1926ರಲ್ಲೇ ಇದನ್ನು ತೋರಿಸಿದ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1866ರಿಂದ 1911ರವರೆಗೆ ಒಟ್ಟು ಮದುವೆಗಳಲ್ಲಿ ಆಂಗ್ಲಿಕನ್ ಚರ್ಚಿನಲ್ಲಿ ನಡೆದವುಗಳ ಪ್ರಮಾಣಕ್ಕೂ ಮರಣ ಪ್ರಮಾಣಕ್ಕೂ ಸಹಸಂಬಂಧ 0.95. ಚರ್ಚಿನಲ್ಲಿ ಮದುವೆಯಾಗುವುದನ್ನು ನಿಲ್ಲಿಸಿದರೆ ಜನ ಸಾಯುವುದಿಲ್ಲ ಎಂದು ಯಾರೂ ಹೇಳಲಾರರು. ಎರಡೂ ಆ ಕಾಲದಲ್ಲಿ ಇಳಿಯುತ್ತಿದ್ದವು, ಅಷ್ಟೇ.

ಜಿಲ್ಲೆಯ ಅಂಕಿ, ವ್ಯಕ್ತಿಯ ವಿಷಯ

ಸಾಮಾಜಿಕ ಅಂಕಿಗಳ ಓದಿನಲ್ಲಿ ಅತಿ ಸಾಮಾನ್ಯವಾದ ಎಡವಟ್ಟು ಇನ್ನೊಂದಿದೆ. ಜಿಲ್ಲೆಗಳ ನಡುವೆ ಕಂಡ ಸಂಬಂಧವನ್ನು ವ್ಯಕ್ತಿಗಳಿಗೆ ಅನ್ವಯಿಸುವುದು. ಅಮೆರಿಕದ 1930ರ ಜನಗಣತಿಯನ್ನು ಬಳಸಿ ಡಬ್ಲ್ಯು. ಎಸ್. ರಾಬಿನ್ಸನ್ 1950ರಲ್ಲಿ ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಪ್ರಸಿದ್ಧ. ರಾಜ್ಯವಾರು ನೋಡಿದಾಗ ಹೊರದೇಶದಲ್ಲಿ ಹುಟ್ಟಿದವರು ಹೆಚ್ಚಿದ್ದ ಕಡೆ ಅನಕ್ಷರತೆ ಕಡಿಮೆ, ಗುಣಾಂಕ −0.53. ವಲಸಿಗರು ಸ್ಥಳೀಯರಿಗಿಂತ ಹೆಚ್ಚು ಓದಿದವರೆಂದು ಇದರ ಅರ್ಥವೇ? ವ್ಯಕ್ತಿವಾರು ಲೆಕ್ಕ ಹಾಕಿದಾಗ ಬಂದದ್ದು +0.12. ಅಂದರೆ ವಲಸಿಗರಲ್ಲೇ ಅನಕ್ಷರತೆ ಸ್ವಲ್ಪ ಹೆಚ್ಚು. ಸ್ಥಳೀಯರು ಹೆಚ್ಚು ಓದಿದ್ದ ರಾಜ್ಯಗಳಲ್ಲೇ ಅವರು ನೆಲೆಸಿದ್ದರಿಂದ ಚಿಹ್ನೆ ತಿರುಗಿತ್ತು.

ಕೊಪ್ಪಳವನ್ನೇ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಗಂಗಾವತಿ, ಮಳೆಯನ್ನೇ ನಂಬಿದ ಯಲಬುರ್ಗಾ ಮತ್ತು ಕುಷ್ಟಗಿ, ಎಲ್ಲವೂ ನಮ್ಮ ಪಟ್ಟಿಯಲ್ಲಿ ‘ಕೊಪ್ಪಳ’ ಎಂಬ ಒಂದೇ ಬಿಂದು. 68.1 ಎಂಬ ಅಂಕಿ ಇಟಗಿಯದೂ ಅಲ್ಲ, ಗಂಗಾವತಿಯದೂ ಅಲ್ಲ. ಗಡಿರೇಖೆ ಸರಿದರೆ ಬಿಂದುಗಳೂ ಸರಿಯುತ್ತವೆ. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯ ಭಾಗ. ಯಾದಗಿರಿ 2009ರ ಕೊನೆಯವರೆಗೆ ಗುಲ್ಬರ್ಗಾ ಜಿಲ್ಲೆಯ ಭಾಗ. ಹಳೆಯ ಗಡಿಗಳೇ ಇದ್ದಿದ್ದರೆ ನಮ್ಮ ಆರು ಬಿಂದುಗಳು ನಾಲ್ಕಾಗುತ್ತಿದ್ದವು, ಪಟ್ಟಿಯಲ್ಲಿ ಅತಿ ಕೆಳಗಿರುವ ಯಾದಗಿರಿಯ ಬಿಂದು ಮಾಯವಾಗುತ್ತಿತ್ತು. ಜನ ಅವರೇ, ಊರುಗಳು ಅವೇ, ಗುಣಾಂಕ ಮಾತ್ರ ಬೇರೆ!

ಸೂಚಕಗಳನ್ನು ಕೂಡಿಸುವಾಗಲೂ ಈ ಎಚ್ಚರ ಬೇಕು. ಹಿಂದುಳಿದಿರುವಿಕೆಯನ್ನು ಅಳೆಯಲು ಹಲವು ಸೂಚಕಗಳನ್ನು ಒಟ್ಟು ಮಾಡುತ್ತೇವೆ. ಅವುಗಳಲ್ಲಿ ಎರಡಕ್ಕೆ ಪರಸ್ಪರ 0.9ರಷ್ಟು ಸಹಸಂಬಂಧವಿದ್ದರೆ ಅವು ಬಹುಮಟ್ಟಿಗೆ ಒಂದೇ ಸುದ್ದಿಯನ್ನು ಎರಡು ಬಾರಿ ಹೇಳುತ್ತವೆ. ಎರಡಕ್ಕೂ ಪೂರ್ತಿ ತೂಕ ಕೊಟ್ಟರೆ ಆ ಒಂದು ಅಂಶಕ್ಕೆ ಇಮ್ಮಡಿ ತೂಕ ಬಂದಂತೆ.

ಹಾಗಾದರೆ ಇದರ ಉಪಯೋಗವೇನು?

ಇಷ್ಟೆಲ್ಲ ಓದಿದ ಮೇಲೆ ಗುಣಾಂಕವನ್ನೇ ಎಸೆದುಬಿಡೋಣ ಎನಿಸಬಹುದು. ಅದೂ ಸರಿಯಲ್ಲ. ಪ್ರಯೋಗಾಲಯದಲ್ಲಿ ಸ್ಪ್ರಿಂಗಿಗೆ ತೂಕವನ್ನು ನಾವೇ ನೇತುಹಾಕುತ್ತೇವೆ, ಉಳಿದೆಲ್ಲವನ್ನೂ ಸ್ಥಿರವಾಗಿಡುತ್ತೇವೆ. ಆದ್ದರಿಂದ ಹಿಗ್ಗುವಿಕೆಗೆ ತೂಕವೇ ಕಾರಣ ಎನ್ನುವ ಧೈರ್ಯ ನಮಗಿದೆ. ಆ ಧೈರ್ಯ ಗುಣಾಂಕ 0.99 ಬಂದದ್ದರಿಂದ ಬಂದುದಲ್ಲ, ಪ್ರಯೋಗ ಮಾಡಿದ ಕ್ರಮದಿಂದ ಬಂದುದು. ಸಮಾಜದಲ್ಲಿ ಒಂದು ಜಿಲ್ಲೆಗೆ ಸಾಕ್ಷರತೆಯನ್ನು ‘ನೇತುಹಾಕಿ’ ನೋಡಲು ಬರುವುದಿಲ್ಲ. ಹಾಗಾಗಿ ಬೇರೆ ಬೇರೆ ದಿಕ್ಕುಗಳಿಂದ ಸಾಕ್ಷ್ಯ ಕೂಡಿಸಬೇಕಾಗುತ್ತದೆ.

ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರಿನ ಸಂಬಂಧ ಸ್ಥಿರಪಟ್ಟದ್ದು ಹೀಗೆಯೇ. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಆಸ್ಪತ್ರೆಯ ರೋಗಿಗಳನ್ನು ಹೋಲಿಸಿದರು. 1951ರಿಂದ ಬ್ರಿಟನ್ನಿನ ವೈದ್ಯರನ್ನೇ ವರ್ಷಾನುಗಟ್ಟಲೆ ಅನುಸರಿಸಿದರು. ಹೆಚ್ಚು ಸೇದಿದವರಿಗೆ ಹೆಚ್ಚು ಅಪಾಯ, ಬಿಟ್ಟವರಿಗೆ ಕಡಿಮೆ. ಕಾರಣ ಮೊದಲು, ಕಾಯಿಲೆ ಆಮೇಲೆ. ಇಂಥ ಸಾಕ್ಷ್ಯವನ್ನು ತೂಗುವ ಒಂಬತ್ತು ದೃಷ್ಟಿಕೋನಗಳನ್ನು ಹಿಲ್ 1965ರಲ್ಲಿ ಪಟ್ಟಿ ಮಾಡಿದ. ಸಹಸಂಬಂಧ ಅಲ್ಲಿ ತನಿಖೆಯ ಮೊದಲ ಸುಳಿವಾಗಿತ್ತು, ತೀರ್ಪಾಗಿರಲಿಲ್ಲ.

ಯಾವುದೇ ಗುಣಾಂಕ ಕಣ್ಣಿಗೆ ಬಿದ್ದಾಗ ಈ ಪ್ರಶ್ನೆಗಳನ್ನು ಕೇಳಿ:

1. ಬಿಂದುಗಳು ಎಷ್ಟು? ಯಾರು, ಹೇಗೆ ಆರಿಸಿದರು?
2. ಗ್ರಾಫ್ ಎಳೆದಿದ್ದಾರೆಯೇ? ರೇಖೆ ನೇರವೋ, ಬಾಗಿದೆಯೋ?
3. ಒಂದೆರಡು ಬಿಂದುಗಳನ್ನು ಬಿಟ್ಟರೂ ಉತ್ತರ ನಿಲ್ಲುತ್ತದೆಯೇ?
4. ಅಂಕಿ ನಿಜಕ್ಕೂ ಅಳೆಯುತ್ತಿರುವುದು ಏನನ್ನು?
5. ಎರಡನ್ನೂ ಎಳೆಯುತ್ತಿರುವ ಮೂರನೆಯ ಅಂಶವಿದೆಯೇ? ಅದು ಕಾಲವೇ ಇರಬಹುದೇ?
6. ಲೆಕ್ಕ ಜಿಲ್ಲೆಗಳದೋ, ಮನೆಗಳದೋ, ವ್ಯಕ್ತಿಗಳದೋ? ತೀರ್ಮಾನವೂ ಅದೇ ಮಟ್ಟದ್ದೋ?

ವಿದ್ಯಾರ್ಥಿಗಳಿಗೆ ಒಂದು ಚಟುವಟಿಕೆ

ಇಟಗಿಯಂಥ ಯಾವುದೇ ಊರಿನ ಶಾಲೆಯಲ್ಲಿ ಇದನ್ನು ಮಾಡಬಹುದು. ಒಂದು ತರಗತಿಯ ಪ್ರತಿ ವಿದ್ಯಾರ್ಥಿಯ ಮನೆಯಿಂದ ಶಾಲೆಗಿರುವ ದೂರವನ್ನೂ ಒಂದು ತಿಂಗಳ ಹಾಜರಿಯನ್ನೂ ಹೆಸರಿಲ್ಲದೆ ಪಟ್ಟಿ ಮಾಡಿ. ಗ್ರಾಫ್ ಹಾಳೆಯಲ್ಲಿ ಬಿಂದುಗಳನ್ನು ಗುರುತಿಸಿ, ಆಮೇಲೆ ಗುಣಾಂಕ ಲೆಕ್ಕ ಹಾಕಿ. ಅತಿ ದೂರದ ಇಬ್ಬರನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿ. ಹುಡುಗರನ್ನೂ ಹುಡುಗಿಯರನ್ನೂ ಬೇರೆ ಬೇರೆ ಮಾಡಿ ಮತ್ತೊಮ್ಮೆ ನೋಡಿ. ಸುಗ್ಗಿಯ ತಿಂಗಳಿಗೂ ಮಳೆಗಾಲದ ತಿಂಗಳಿಗೂ ಹೋಲಿಸಿ. ಪ್ರತಿ ಸಲ ಸಂಖ್ಯೆ ಬದಲಾದಾಗ ‘ಏಕೆ?’ ಎಂದು ಕೇಳಿ, ಉತ್ತರಕ್ಕಾಗಿ ಮಕ್ಕಳನ್ನೇ ಮಾತಾಡಿಸಿ. ಗೈರುಹಾಜರಾದ ಹುಡುಗಿ ಆ ದಿನ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದಳೋ, ಬಸ್ಸು ಬಾರದೆ ಉಳಿದಳೋ ಎಂಬುದನ್ನು ಯಾವ ಗುಣಾಂಕವೂ ತಿಳಿಸುವುದಿಲ್ಲ. ಆದರೆ ಆ ಪ್ರಶ್ನೆಯನ್ನು ಯಾವ ಮನೆಯ ಬಾಗಿಲಲ್ಲಿ ಕೇಳಬೇಕು ಎಂದು ತೋರಿಸಲು ಅದು ನೆರವಾಗುತ್ತದೆ.